ಪಂಪಿಗೂ ಕಾಲುವೆ ಗೇಟಿಗೂ ನೀರಿನ ಮೀಟರ್: ಕ್ಯಾಲಿಫೋರ್ನಿಯಾದಲ್ಲಿ ಸಹಾಯಧನಕ್ಕೆ ಯಾವ ಕೆಲಸ ಮೊದಲು?

ಹಳ್ಳದ_ದಂಡೆ

ಸ್ಯಾಕ್ರಮೆಂಟೊ ಕಣಿವೆ, 110 ಎಕರೆ ವಾಲ್‌ನಟ್ ತೋಟ. ಹಳ್ಳದಿಂದ ಎರಡು ಕಡೆ ನೀರು ತೆಗೆಯುವುದು.

ಒಂದು ಕಡೆ ಪಂಪು. 10 ಇಂಚಿನ ಪಿವಿಸಿ ಪೈಪು, ನಿಮಿಷಕ್ಕೆ ಸುಮಾರು 1,200 ಗ್ಯಾಲನ್, ವರ್ಷಕ್ಕೆ 200 ಎಕರೆ-ಅಡಿ (ಒಂದು ಎಕರೆಯಲ್ಲಿ ಒಂದಡಿ ನಿಲ್ಲುವಷ್ಟು ನೀರು ಒಂದು ಎಕರೆ-ಅಡಿ). ಇನ್ನೊಂದು ಕಡೆ ಗೇಟು ಎತ್ತಿದರೆ ತಾನಾಗಿ ಹರಿಯುವ ಮಣ್ಣಿನ ಕಾಲುವೆ. 2 ಕ್ಯೂಸೆಕ್ ದಾಟುವುದಿಲ್ಲ, ವರ್ಷಕ್ಕೆ 120 ಎಕರೆ-ಅಡಿ. ಎರಡಕ್ಕೂ ರಾಜ್ಯದ ನೀರಿನ ಮಂಡಳಿಯಲ್ಲಿ ಬೇರೆ ಬೇರೆ ಸ್ಟೇಟ್‌ಮೆಂಟ್ (ನೀರಿನ ಹಕ್ಕಿನ ಘೋಷಣೆ) ಇದೆ. ಮೀಟರ್ ಎರಡರಲ್ಲೂ ಇಲ್ಲ.

ಪಂಪಿನ ಅಂಗಡಿಯವರು ಕೊಟೇಶನ್ ಕೊಟ್ಟು "ಈ ವಾರವೇ ಆರ್ಡರ್ ಹಾಕಿ, ಸಬ್ಸಿಡಿ ಹಿಂದಿನಿಂದ ಬರುತ್ತೆ" ಅನ್ನುತ್ತಿದ್ದಾರೆ. ನಿಜವಾ? ಕಾನೂನಿನ ಪ್ರಕಾರ ಹಾಕಲೇಬೇಕಾದ ಮೀಟರಿಗೆ ಸರ್ಕಾರ ದುಡ್ಡು ಕೊಡುತ್ತದಾ? ಕಾಲುವೆಗೆ ಏನು ಕೂರಿಸುವುದು?

ನೀರಗಂಟಿ

ಆರ್ಡರ್ ಹಾಕಬೇಡಿ. ಮಿಕ್ಕಿದ್ದು ಆಮೇಲೆ ಓದಿ, ಮೊದಲು ಇದು ತಲೆಯಲ್ಲಿರಲಿ.

ಈಗ ಕಾನೂನು. 2015ರ ರಾಜ್ಯ ಕಾಯ್ದೆ ಎಸ್‌ಬಿ 88 ಪ್ರಕಾರ ವರ್ಷಕ್ಕೆ 10 ಎಕರೆ-ಅಡಿಗಿಂತ ಹೆಚ್ಚು ನೀರು ತಿರುಗಿಸುವ ಪ್ರತಿಯೊಬ್ಬರೂ ಅಳತೆ ಮಾಡಲೇಬೇಕು. 1,000 ಎಕರೆ-ಅಡಿ ಮತ್ತು ಮೇಲ್ಪಟ್ಟವರಿಗೆ ಗಂಟೆಗೊಂದು ದಾಖಲೆ, ಶೇ. 10ರ ಒಳಗಿನ ತಪ್ಪು. 100ರಿಂದ 1,000ದವರೆಗೆ ದಿನಕ್ಕೊಂದು ದಾಖಲೆ, ಅದೇ ಶೇ. 10. 100ಕ್ಕಿಂತ ಕೆಳಗಿನವರಿಗೆ ವಾರಕ್ಕೊಂದು, ಶೇ. 15. ಕೊನೆಯ ಗಡುವು 2018ರ ಜನವರಿ 1ಕ್ಕೇ ಮುಗಿದಿದೆ. ಪಾಲಿಸದಿದ್ದರೆ ದಿನದ ಲೆಕ್ಕದಲ್ಲಿ ದಂಡ ಹಾಕಲು ಅವಕಾಶ ಇದೆ. ಲೆಕ್ಕ ಹಕ್ಕಿನಿಂದ ಹಕ್ಕಿಗೆ ಬೇರೆ. ನಿಮ್ಮವು 200 ಮತ್ತು 120, ಅಂದರೆ ಎರಡೂ ನಡುವಿನ ಗುಂಪಿಗೇ ಬೀಳುತ್ತವೆ: ದಿನಕ್ಕೊಂದು ದಾಖಲೆ, ಶೇ. 10.

ದುಡ್ಡಿನ ಮುಖ್ಯ ದಾರಿ ಅಮೆರಿಕದ ಕೇಂದ್ರ ಕೃಷಿ ಇಲಾಖೆಯ ಎನ್‌ಆರ್‌ಸಿಎಸ್ (ನೆಲ-ನೀರಿನ ಸಂರಕ್ಷಣೆಯ ವಿಭಾಗ) ನಡೆಸುವ ಸಹಾಯಧನ ಯೋಜನೆ ಇಕ್ವಿಪ್. ಕಾನೂನು ಕೇಳಿದ ಕೆಲಸಕ್ಕೆ ಸಹಾಯಧನ ಸಿಗಲ್ಲ ಅನ್ನುವ ಮಾತು ಎಲ್ಲೆಡೆ ಓಡಾಡುತ್ತಿದೆ, ಅದು ಸುಳ್ಳು. ಪರಿಸರ ನಿಯಮ ಪಾಲಿಸಲು ರೈತರಿಗೆ ನೆರವಾಗುವುದೂ ಆ ಯೋಜನೆಯ ಉದ್ದೇಶಗಳಲ್ಲೊಂದು. ಆದರೆ ಕರಾರಿಗೆ ಸಹಿ ಬೀಳುವ ಮುಂಚೆ ಶುರು ಮಾಡಿದ ಕೆಲಸಕ್ಕೆ ಹಣ ಇಲ್ಲ. ವಿನಾಯಿತಿ ಬೇಕಿದ್ದರೆ ಅದನ್ನೂ ಕೆಲಸಕ್ಕೆ ಮೊದಲೇ ಬರಹದಲ್ಲಿ ಪಡೆದಿರಬೇಕು. ಪೈಪು ಕತ್ತರಿಸಿ ಮೀಟರ್ ಕೂರಿಸಿದ ಮೇಲೆ ಅರ್ಜಿ ಹಾಕಿದರೆ ಅದು ಮುಗಿದ ಮದುವೆಗೆ ಲಗ್ನಪತ್ರಿಕೆ ಅಚ್ಚು ಹಾಕಿಸಿದ ಹಾಗೆ.

ಕಡತ_ಕಟ್ಟು

ನೀರಗಂಟಿ ಸರ್ ಹೇಳಿದ್ದಕ್ಕೆ ಕಾಗದದ ಕಡೆಯಿಂದ ಸೇರಿಸುತ್ತೇನೆ. ಅರ್ಜಿಗಳು ನಿಲ್ಲುವುದು ಎಂಜಿನಿಯರಿಂಗಿನಲ್ಲಲ್ಲ, ಇಲ್ಲಿ.

ಮೊದಲು ಕೌಂಟಿಯ ಯುಎಸ್‌ಡಿಎ (ಅದೇ ಕೇಂದ್ರ ಕೃಷಿ ಇಲಾಖೆ) ಸೇವಾ ಕೇಂದ್ರಕ್ಕೆ ಹೋಗಿ ಎಫ್‌ಎಸ್‌ಎ (ತೋಟದ ದಾಖಲೆ ಇಡುವ ವಿಭಾಗ) ಮೇಜಿನಲ್ಲಿ ಫಾರ್ಮ್ ನಂಬರ್ ಮಾಡಿಸಿ. ಎನ್‌ಆರ್‌ಸಿಎಸ್ ಮೇಜು ಅದೇ ಕಟ್ಟಡದಲ್ಲಿರುತ್ತದೆ, ಆದರೆ ಕಡತ ಬೇರೆ. ಫಾರ್ಮ್ ನಂಬರ್ ಇಲ್ಲದ ಅರ್ಜಿ ಮುಂದೆ ಹೋಗುವುದಿಲ್ಲ. ಎಫ್‌ಎಸ್‌ಎ ಮೇಜಿನಲ್ಲಿ ಎರಡು ನಮೂನೆ: ಜೌಗು ಮತ್ತು ಸವಕಳಿ ನೆಲದ ಬಗ್ಗೆ ಎಡಿ-1026, ಆದಾಯದ ಬಗ್ಗೆ ಸಿಸಿಸಿ-941. ಆದಾಯದ ಸಾಮಾನ್ಯ ಮಿತಿ ಮೂರು ವರ್ಷದ ಸರಾಸರಿ 9 ಲಕ್ಷ ಡಾಲರ್. ತೋಟ ಎಲ್‌ಎಲ್‌ಸಿ ಅಥವಾ ಪಾಲುದಾರಿಕೆಯ ಹೆಸರಲ್ಲಿದ್ದರೆ ಸದಸ್ಯರ ವಿವರಕ್ಕೆ ಸಿಸಿಸಿ-901 ಬೇಕು, 941ಕ್ಕೆ ಪ್ರತಿ ಸದಸ್ಯರೂ ಸಹಿ ಹಾಕಬೇಕು. ಬೆಂಗಳೂರಿನಲ್ಲೋ ಹೂಸ್ಟನ್‌ನಲ್ಲೋ ಕೂತ ಪಾಲುದಾರರೊಬ್ಬರ ಸಹಿ ಬರದೆ ಅರ್ಜಿ ಒಂದು ಸುತ್ತು ತಪ್ಪಿಸಿಕೊಳ್ಳುವುದು ಬಹಳ ಸಾಮಾನ್ಯ.

ಆಮೇಲೆ ಎನ್‌ಆರ್‌ಸಿಎಸ್ ಮೇಜಿನಲ್ಲಿ ಸಿಪಿಎ-1200, ಅದೇ ಅರ್ಜಿ. ವರ್ಷವಿಡೀ ತೆಗೆದುಕೊಳ್ಳುತ್ತಾರೆ, ಆದರೆ ಅಂಕ ಹಾಕಿ ಸಾಲು ಕಟ್ಟುವುದು ನಿಗದಿತ ಕಟ್‌ಆಫ್ ದಿನಾಂಕಕ್ಕೆ. ಅದು ರಾಜ್ಯದಿಂದ ರಾಜ್ಯಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆ ದಿನಕ್ಕೆ 1026, 941 ಎರಡೂ ದಾಖಲಾಗಿರಬೇಕು, ಬರೀ 1200 ಕೊಟ್ಟು ಬಂದರೆ ಸಾಲದು.

ಇನ್ನೊಂದು ಅರ್ಹತೆ ಹೆಚ್ಚಿನವರಿಗೆ ಗೊತ್ತಿಲ್ಲ. ಆ ನೆಲಕ್ಕೆ ಹಿಂದಿನ ಐದು ವರ್ಷಗಳಲ್ಲಿ ಎರಡು ವರ್ಷವಾದರೂ ನೀರು ಹಾಯಿಸಿರಬೇಕು. ವಿದ್ಯುತ್ ಬಿಲ್ಲು, ಮಂಡಳಿಗೆ ಕೊಟ್ಟ ವಾರ್ಷಿಕ ವರದಿಗಳನ್ನು ಇಟ್ಟುಕೊಳ್ಳಿ.

ಹಳ್ಳದ_ದಂಡೆ

ಎಷ್ಟು ಪಾಲು ಕೊಡುತ್ತಾರೆ? ಮುಕ್ಕಾಲು ಅಂತ ಕೇಳಿದ್ದೆ.

ಕಡತ_ಕಟ್ಟು

ಮುಕ್ಕಾಲು ಅನ್ನುವುದು ಮೇಲ್ಮಿತಿ, ಅದೂ ನಿಮ್ಮ ಬಿಲ್ಲಿನದ್ದಲ್ಲ. ಎಲ್ಲರೂ ಎಡವುವುದು ಇಲ್ಲೇ.

ಪ್ರತಿ ರಾಜ್ಯಕ್ಕೂ ಆ ವರ್ಷದ ದರಪಟ್ಟಿ ಇರುತ್ತದೆ. ಮೀಟರ್ ಬರುವುದು 587 ಸಂಖ್ಯೆಯ ಪದ್ಧತಿಯ ಕೆಳಗೆ (ಹಣ ಕೊಡುವ ಕೆಲಸದ ಬಗೆಗೆ ಎನ್‌ಆರ್‌ಸಿಎಸ್ ಇಟ್ಟ ಹೆಸರು ಪದ್ಧತಿ). ಮೆಕ್ಯಾನಿಕಲ್ ರಿಜಿಸ್ಟರಿನದ್ದಕ್ಕೆ (ರಿಜಿಸ್ಟರ್ ಅಂದರೆ ಅಂಕಿ ತೋರಿಸುವ ಭಾಗ) ಒಂದು ದರ, ಎಲೆಕ್ಟ್ರಾನಿಕ್ಕಿಗೆ ಇನ್ನೊಂದು. ಲೆಕ್ಕ ಪೈಪಿನ ವ್ಯಾಸದ ಪ್ರತಿ ಇಂಚಿಗೆ ಇಷ್ಟು ಅಂತ. ದರ × 10 ಇಂಚು, ಅಷ್ಟೇ ನಿಮ್ಮ ಪಾಲಿಗೆ ಬರುವುದು. ಅಂಗಡಿಯ ಬಿಲ್ಲು 4,000 ಆದರೂ 6,000 ಆದರೂ ಚೆಕ್ಕು ಅಷ್ಟೇ. ದರಪಟ್ಟಿಯ ಪ್ರಕಾರ 2,200 ಬರುತ್ತದೆ ಅಂತ ಲೆಕ್ಕಕ್ಕೆ ಹಿಡಿಯಿರಿ: ಮೊದಲ ಬಿಲ್ಲಿನಲ್ಲಿ ನಿಮ್ಮ ಕೈಯಿಂದ 1,800, ಎರಡನೆಯದರಲ್ಲಿ 3,800. ಹಾಗಾಗಿ ದರಪಟ್ಟಿ ಕೈಯಲ್ಲಿ ಹಿಡಿದುಕೊಂಡೇ ಕೊಟೇಶನ್ ಚೌಕಾಸಿ ಮಾಡಿ.

ವ್ಯವಸಾಯ ಶುರು ಮಾಡಿ ಹತ್ತು ವರ್ಷ ದಾಟದವರು, ಸೀಮಿತ ಆದಾಯದವರು, ಮಾಜಿ ಸೈನಿಕ ರೈತರು, ಇವರಿಗೆ ದರ ಶೇ. 90ರವರೆಗೆ ಹೋಗುತ್ತದೆ. ಅರ್ಧ ಹಣ ಮುಂಗಡವಾಗಿಯೂ ಸಿಗುತ್ತದೆ, ಅದನ್ನು 90 ದಿನದೊಳಗೆ ಖರ್ಚು ಮಾಡಬೇಕು. ಉಳಿದವರಿಗೆ ಕೆಲಸ ಮುಗಿದು, ಪರಿಶೀಲನೆಯಾಗಿ, ಸಿಪಿಎ-1245 (ಹಣ ಕೇಳುವ ನಮೂನೆ) ಸಹಿಯಾದ ಮೇಲೆ ಖಾತೆಗೆ. ಅಲ್ಲಿಯವರೆಗೆ ಪೂರ್ತಿ ಹಣ ನೀವೇ ಹೊಂದಿಸಬೇಕು. ಮಾರನೆಯ ಜನವರಿಯಲ್ಲಿ ತೆರಿಗೆಯ ನಮೂನೆ 1099-ಜಿ ಬರುತ್ತದೆ, ಆಡಿಟರಿಗೆ ಮೊದಲೇ ಹೇಳಿಡಿ.

ಮಾಪಕ

ದುಡ್ಡಿನ ಮಾತು ಸರಿ. ನಾನು ಪಂಪಿನ ಮೀಟರಿಗೆ ಬರುತ್ತೇನೆ. ಸಹಾಯಧನ ಮಂಜೂರಾದ ಮೇಲೂ ಪರಿಶೀಲನೆಯಲ್ಲಿ ಬೀಳುವ ಮೀಟರುಗಳು ಬೀಳುವುದು ನೇರ ಪೈಪು ಸಾಲದೆ.

1,200 ಗ್ಯಾಲನ್ ಅಂದರೆ 2.67 ಕ್ಯೂಸೆಕ್. 10 ಇಂಚಿನ ಪೈಪಿನ ಅಡ್ಡಕೊಯ್ತ ಸುಮಾರು 0.545 ಚದರಡಿ. ವೇಗ ಸೆಕೆಂಡಿಗೆ 4.9 ಅಡಿ. ಯಾವ ಮೀಟರಿಗೂ ಹಿತವಾದ ವೇಗ ಅದು, ವ್ಯಾಸ ಬದಲಿಸಬೇಕಿಲ್ಲ.

ಪ್ರೊಪೆಲ್ಲರ್ ಮೀಟರಿಗೆ (ಒಳಗೆ ರೆಕ್ಕೆ ತಿರುಗಿ ಅಳೆಯುವಂಥದ್ದು) ನೀರು ಬರುವ ಕಡೆ 5ರಿಂದ 10 ವ್ಯಾಸದಷ್ಟು ನೇರ ಪೈಪು ಬೇಕು, ದಾಟಿದ ಕಡೆ 1ರಿಂದ 2. ಹತ್ತು ವ್ಯಾಸ ಅಂದರೆ 100 ಇಂಚು, ಎಂಟಡಿ ನಾಲ್ಕಿಂಚು. ಪಂಪಿನ ಬಾಯಿಂದ ಹೊರಟು ಮೊಣಕೈ, ಚೆಕ್ ವಾಲ್ವ್, ಬಟರ್‌ಫ್ಲೈ ವಾಲ್ವ್ ದಾಟಿ ನೆಲಕ್ಕಿಳಿಯುವಷ್ಟರಲ್ಲಿ ನಿಮ್ಮ ಬಳಿ ಎಷ್ಟು ನೇರ ಪೈಪು ಉಳಿಯುತ್ತದೆ ಅಂತ ಟೇಪು ಹಿಡಿದು ನೋಡಿ. ಮೂರಡಿಯೇ ಇದ್ದರೆ ಮ್ಯಾಗ್ ಮೀಟರ್ (ತಿರುಗುವ ಭಾಗವಿಲ್ಲದೆ ಕಾಂತಕ್ಷೇತ್ರದಿಂದ ಅಳೆಯುವಂಥದ್ದು) ನೋಡಬೇಕಾಗುತ್ತದೆ. ಅದರ ತಯಾರಕರಲ್ಲಿ ಕೆಲವರು ನೀರು ಬರುವ ಕಡೆ 2 ವ್ಯಾಸಕ್ಕೂ ಒಪ್ಪುತ್ತಾರೆ. ಯಾವುದೇ ಇರಲಿ, ತಯಾರಕರ ಹಾಳೆಯಲ್ಲಿ ಅಚ್ಚಾದ ಸಂಖ್ಯೆಯೇ ಪರಿಶೀಲಕರಿಗೆ ಪ್ರಮಾಣ, ಅಂಗಡಿಯವರ ಬಾಯಿಮಾತಲ್ಲ.

ಪೈಪು ತುಂಬಿ ಹರಿಯಬೇಕು. ಮೀಟರ್ ದಾಟಿದ ತಕ್ಷಣ ಪೈಪು ಕೆಳಕ್ಕಿಳಿದು ಬಯಲಿಗೆ ಸುರಿಯುತ್ತಿದ್ದರೆ ಒಳಗೆ ಮುಕ್ಕಾಲೇ ನೀರಿರುತ್ತದೆ, ಮೀಟರ್ ಮಾತ್ರ ಪೂರ್ತಿ ಲೆಕ್ಕ ಹಾಕುತ್ತದೆ. ಮೀಟರಿನ ಆಚೆ ಪೈಪನ್ನು ಮೇಲಕ್ಕೆ ಬಾಗಿಸಿ ಹಂಸದ ಕತ್ತು ಮಾಡಿದರೆ ಸರಿಹೋಗುತ್ತದೆ.

ಇನ್ನು ಸ್ಯಾಡಲ್, ಅಂದರೆ ಮೀಟರನ್ನು ಪೈಪಿನ ಮೇಲೆ ಬಿಗಿಯುವ ಪಟ್ಟಿ. "10 ಇಂಚಿನ ಪಿವಿಸಿ" ಅಂತ ಆರ್ಡರ್ ಕೊಟ್ಟರೆ ಎಡವಟ್ಟು ಖಚಿತ. ನೀರಾವರಿಯ ಪಿಐಪಿ ಪೈಪಿನ ಹೊರವ್ಯಾಸ 10.20 ಇಂಚು, ಕಬ್ಬಿಣದ ಪೈಪಿನ ಅಳತೆಯ ಐಪಿಎಸ್‌ನದ್ದು 10.75. ಒಂದರ ಸ್ಯಾಡಲ್ ಇನ್ನೊಂದಕ್ಕೆ ಕೂರಲ್ಲ, ಬೋಲ್ಟು ಬಿಗಿದು ಕೂರಿಸಿದರೂ ಗ್ಯಾಸ್ಕೆಟ್ ಅಂಚಿಂದ ನೀರು ಜಿನುಗುತ್ತದೆ. ಅದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದ್ದು: ರಿಜಿಸ್ಟರಿನ ಗೇರು ಒಳವ್ಯಾಸಕ್ಕೆ ಹೊಂದಿಸಿ ಬರುತ್ತದೆ. ಒಳವ್ಯಾಸದಲ್ಲಿ ಶೇ. 3 ತಪ್ಪಿದರೆ ಅಡ್ಡಕೊಯ್ತದಲ್ಲಿ ಶೇ. 6 ತಪ್ಪು. ನಿಮಗಿರುವ ಒಟ್ಟು ಮಿತಿಯೇ ಶೇ. 10. ಪೈಪಿನ ಮೈಮೇಲಿನ ಅಚ್ಚಿನ ಫೋಟೊ ತೆಗೆದು ಆರ್ಡರ್ ಜೊತೆ ಕಳಿಸಿ. ಅಚ್ಚು ಅಳಿಸಿದ್ದರೆ ದಾರ ಸುತ್ತಿ ಸುತ್ತಳತೆ ತೆಗೆಯಿರಿ: ಪಿಐಪಿಗೆ 32 ಇಂಚು, ಐಪಿಎಸ್‌ಗೆ 33¾ ಇಂಚು ಬರುತ್ತದೆ. ಅದನ್ನು 3.1416ರಿಂದ ಭಾಗಿಸಿದರೆ ಹೊರವ್ಯಾಸ.

ನೀರಗಂಟಿ

ಮಾಪಕ ಅವರೇ, ಹಳ್ಳದ ನೀರಿಗೆ ಪ್ರೊಪೆಲ್ಲರ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಪಾಚಿ, ಹುಲ್ಲಿನ ದಾರ ಅದರ ಮೂಗಿಗೆ ಸುತ್ತಿಕೊಳ್ಳುತ್ತದೆ. ತಿರುಗುವುದು ನಿಲ್ಲುವುದಿಲ್ಲ, ನಿಧಾನ ಆಗುತ್ತದೆ, ಅದೇ ಅಪಾಯ. ನಿಂತಿದ್ದರೆ ಯಾರಾದರೂ ನೋಡುತ್ತಿದ್ದರು.

ಮಾಪಕ

ಒಪ್ಪಿದೆ, ಶೋಧಕ ಇಲ್ಲದ ಪಂಪಿಗೆ ಮ್ಯಾಗೇ ವಾಸಿ. ಆದರೆ ಅದಕ್ಕೂ ತನ್ನದೇ ಕಾಯಿಲೆಗಳಿವೆ. ಪಿವಿಸಿ ಪೈಪು ವಿದ್ಯುತ್ ಹರಿಸುವುದಿಲ್ಲ, ಹಾಗಾಗಿ ನೀರಿಗೆ ಭೂಸಂಪರ್ಕ ಕೊಡುವ ಉಂಗುರ ಬೇಕು. ಕೊಟೇಶನ್ನಿನಲ್ಲಿ ಅದು ಬಹಳ ಸಲ ಇರುವುದೇ ಇಲ್ಲ. ಪಂಪಿಗೆ ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಸಾಧನ) ಇದ್ದರೆ ಮೀಟರಿನ ಕೇಬಲ್ಲನ್ನು ಮೋಟಾರಿನ ಕೇಬಲ್ಲಿನ ಕೊಳವೆಯಲ್ಲೇ ಎಳೆಯಬೇಡಿ. ಎಳೆದರೆ ಪಂಪು ಓಡುವಾಗ ರೀಡಿಂಗು ಕುಣಿಯುತ್ತದೆ.

ದಾಖಲೆಯ ವಿಷಯವನ್ನೂ ಈಗಲೇ ತೀರ್ಮಾನಿಸಿ. ಬರೀ ಮೆಕ್ಯಾನಿಕಲ್ ರಿಜಿಸ್ಟರ್ ಕೊಂಡರೆ ದಿನವೂ ಒಬ್ಬರು ಹೋಗಿ ಬರೆದುಕೊಳ್ಳಬೇಕು. ನಿಮ್ಮದು ದಿನದ ದಾಖಲೆಯ ಗುಂಪು, ಹಾಗಾಗಿ ಲಾಗರ್ ಇರುವ ಎಲೆಕ್ಟ್ರಾನಿಕ್ ರಿಜಿಸ್ಟರೇ ತಗೊಳ್ಳಿ. ಒಟ್ಟು ಮೊತ್ತ ಎಕರೆ-ಅಡಿಯಲ್ಲಿ ತೋರಿಸಲಿ, ಹರಿವು ನಿಮಿಷಕ್ಕೆ ಗ್ಯಾಲನ್‌ನಲ್ಲಿ. ನಿಮ್ಮ ಪಂಪು 24 ಗಂಟೆ ಓಡಿದರೆ 5.3 ಎಕರೆ-ಅಡಿ ಏರಬೇಕು. ಮೊದಲ ದಿನವೇ ಈ ಲೆಕ್ಕ ತಾಳೆ ನೋಡಿ.

ಓರೆಗಾನ್_ಒಳನಾಡು

ಕ್ಯಾಲಿಫೋರ್ನಿಯಾದವರಿಗೆ ಹೊಟ್ಟೆಕಿಚ್ಚು ಆಗಲಿ ಅಂತ ಹೇಳುತ್ತಿದ್ದೇನೆ 🙂 ಓರೆಗಾನ್ ರಾಜ್ಯದ ಜಲಸಂಪನ್ಮೂಲ ಇಲಾಖೆಯಲ್ಲಿ ಅಳತೆ ಸಾಧನಕ್ಕೆಂದೇ ಪ್ರತ್ಯೇಕ ನಿಧಿ ಇದೆ. ಕೊಂಡು ಕೂರಿಸುವ ನಿಜವಾದ ವೆಚ್ಚದ ಶೇ. 75ರವರೆಗೆ ಕೊಡುತ್ತಾರೆ. ಹಿಡಿಯಬೇಕಾದ್ದು ನಿಮ್ಮ ಜಿಲ್ಲೆಯ ವಾಟರ್‌ಮಾಸ್ಟರನ್ನು. ಆದ್ಯತೆ ದೊಡ್ಡ ತಿರುವುಗಳಿಗೆ: 5 ಕ್ಯೂಸೆಕ್ ಮೀರಿದವು, ಇಲ್ಲವೇ 0.25 ಕ್ಯೂಸೆಕ್‌ಗಿಂತ ಹೆಚ್ಚಿದ್ದು ಹಳ್ಳದ ಬೇಸಗೆ ಹರಿವಿನಲ್ಲಿ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಎಳೆಯುವವು.

ವಾಷಿಂಗ್ಟನ್ ರಾಜ್ಯದಲ್ಲಿ ತೋಟ ಇರುವವರಿಗೆ ಎಚ್ಚರಿಕೆ: ಅಲ್ಲಿ ತಪ್ಪಿನ ಮಿತಿ ಶೇ. 5. ಕ್ಯಾಲಿಫೋರ್ನಿಯಾದಲ್ಲಿ ಪಾಸಾಗುವ ಜೋಡಣೆ ಅಲ್ಲಿ ಫೇಲ್ ಆಗಬಹುದು.

ಹಳ್ಳದ_ದಂಡೆ

ಕಾಲುವೆಗೆ ಯಾರೂ ಹೇಳಲಿಲ್ಲ. ವಿ ಆಕಾರದ ಕಚ್ಚು ಇರುವ ವಿ-ನಾಚ್ ಹಲಗೆ ಸಾಕಾ? ಅಗ್ಗ ಅಂತ ಕೇಳಿದೆ.

ನೀರಗಂಟಿ

ಹಲಗೆ ಅಗ್ಗ, ಆದರೆ ಅದಕ್ಕೆ ನೀರು ಬೀಳಲು ಎತ್ತರ ಬೇಕು. 90 ಡಿಗ್ರಿಯ ವಿ-ನಾಚ್‌ನಲ್ಲಿ 2 ಕ್ಯೂಸೆಕ್ ಹಾಯಲು ಮೂಲೆಯಿಂದ ಸುಮಾರು 0.92 ಅಡಿ ನೀರು ನಿಲ್ಲಬೇಕು, ಮತ್ತು ಕೆಳಗಿನ ನೀರು ಆ ಮೂಲೆಗಿಂತಲೂ ತಗ್ಗಿನಲ್ಲಿರಬೇಕು. ಅಂದರೆ ಒಂದಡಿಗಿಂತ ಹೆಚ್ಚು ಪತನ. ಕಣಿವೆಯ ಸಪಾಟು ನೆಲದಲ್ಲಿ ಅದು ಎಲ್ಲಿಂದ ಬರಬೇಕು? ಒತ್ತಾಯದಿಂದ ಕೂರಿಸಿದರೆ ಮೇಲುಗಡೆ ಏರಿ ಒಡೆಯುತ್ತದೆ, ಇಲ್ಲ ಗೇಟಿನಿಂದ ಬರುವ ನೀರೇ ಕಡಿಮೆಯಾಗುತ್ತದೆ.

ಒಂದಡಿ ಗಂಟಲಿನ ಪಾರ್ಶಲ್ ಫ್ಲೂಮ್ ಹಾಕಿ, ಅಂದರೆ ನಡುವೆ ಕಿರಿದಾಗುವ, ಹರಿವು ಅಳೆಯುವ ತೆರೆದ ದೋಣಿ. ಸೂತ್ರ ಸರಳ: ಅಡಿಯಲ್ಲಿ ಅಳೆದ ನೀರಿನ ಎತ್ತರವನ್ನು 1.522 ಘಾತಕ್ಕೇರಿಸಿ 4ರಿಂದ ಗುಣಿಸಿ, ಕ್ಯೂಸೆಕ್ ಸಿಗುತ್ತದೆ. 2 ಕ್ಯೂಸೆಕ್‌ಗೆ 0.63 ಅಡಿ ಸಾಕು. ಪತನ ಎರಡೂವರೆ ಇಂಚು ಇದ್ದರೆ ನಡೆಯುತ್ತದೆ.

ನೀರಿನ ಎತ್ತರ ಓದುವ ಗೇಜಿನ ಜಾಗ ಮನಸ್ಸಿಗೆ ಬಂದಲ್ಲಲ್ಲ. ಗಂಟಲಿನ ಅಂಚಿನಿಂದ ಮೇಲುಗಡೆಗೆ, ಕಿರಿದಾಗುತ್ತಾ ಬರುವ ಗೋಡೆಯ ಗುಂಟ ಅಳೆದರೆ ಸರಿಯಾಗಿ 3 ಅಡಿ. ಆ ಗೋಡೆಯ ಉದ್ದ ನಾಲ್ಕೂವರೆ ಅಡಿ, ಅದರ ಮೂರನೇ ಎರಡು ಭಾಗ. ಗೇಜಿನ ಸೊನ್ನೆ ಫ್ಲೂಮಿನ ನೆಲದ ಮಟ್ಟಕ್ಕೆ ಕೂರಬೇಕು. ಕಣ್ಣಂದಾಜು ಬೇಡ, ಲೆವೆಲ್ ಯಂತ್ರ ಇಟ್ಟೇ ನೋಡಬೇಕು. ಏಕೆ ಅಂದರೆ, ನಿಜವಾದ ಎತ್ತರ 0.60 ಅಡಿ ಇದ್ದಾಗ ಹರಿವು 1.84 ಕ್ಯೂಸೆಕ್. ಗೇಜಿನ ಸೊನ್ನೆ ಬರೀ 0.03 ಅಡಿ, ಒಂದು ಇಂಚಿನ ಮೂರನೇ ಒಂದು ಭಾಗದಷ್ಟು ಕೆಳಗೆ ಕೂತಿದ್ದರೆ 0.63 ಓದುತ್ತೀರಿ, ಅದು 1.98 ಕ್ಯೂಸೆಕ್. ಶೇ. 7ಕ್ಕಿಂತ ಹೆಚ್ಚು ತಪ್ಪು ಒಂದೇ ಏಟಿಗೆ.

ಮಾಪಕ

ಜೊತೆಗೆ ಮುಳುಗಡೆ ನೋಡಬೇಕು. ಕೆಳಗಿನ ಎತ್ತರ ಮೇಲಿನದರ ಶೇ. 70 ದಾಟಿದರೆ ಆ ಸೂತ್ರ ಕೆಲಸಕ್ಕೆ ಬರುವುದಿಲ್ಲ. ಮೇಲೆ 0.60, ಕೆಳಗೆ 0.45 ಇದ್ದರೆ ಶೇ. 75 ಆಯಿತು. ಏಪ್ರಿಲ್‌ನಲ್ಲಿ ಚೆನ್ನಾಗಿದ್ದ ಫ್ಲೂಮ್ ಜುಲೈನಲ್ಲಿ ಮುಳುಗುತ್ತದೆ, ಕಾರಣ ಕೆಳಗಡೆ ಬೆಳೆದ ಜೊಂಡು. ಆಗ ಗೇಜು ತೋರಿಸುವುದು ನಿಜಕ್ಕಿಂತ ಜಾಸ್ತಿ. ಅಂದರೆ ನೀವು ತೆಗೆಯದ ನೀರನ್ನೂ ತೆಗೆದಿದ್ದೀರಿ ಅಂತ ಮಂಡಳಿಗೆ ನೀವೇ ಬರೆದುಕೊಟ್ಟ ಹಾಗೆ. ನೆಲ ತೀರಾ ಸಪಾಟಾಗಿದ್ದರೆ ಉದ್ದ ಗಂಟಲಿನ ರ್‍ಯಾಂಪ್ ಫ್ಲೂಮ್ ಮಾಡಿಸಿ. ಅದು ಶೇ. 85ರ ಆಸುಪಾಸಿನ ಮುಳುಗಡೆಯನ್ನೂ ತಡೆದುಕೊಳ್ಳುತ್ತದೆ, ವಿನ್ಯಾಸಕ್ಕೆ ಬ್ಯೂರೊ ಆಫ್ ರೆಕ್ಲಮೇಶನ್ನಿನ ವಿನ್‌ಫ್ಲೂಮ್ ತಂತ್ರಾಂಶ ಉಚಿತ.

ಫ್ಲೂಮಿನ ಎರಡೂ ಕಡೆ ರೆಕ್ಕೆಗೋಡೆ, ನೀರು ಬರುವ ಕಡೆ ನೆಲದೊಳಕ್ಕಿಳಿಯುವ ತಡೆಗೋಡೆ ಕಟ್ಟದೆ ಬಿಡಬೇಡಿ. ಬಿಟ್ಟರೆ ನೀರು ಫ್ಲೂಮಿನ ಅಡಿಯಿಂದಲೇ ದಾರಿ ಮಾಡಿಕೊಳ್ಳುತ್ತದೆ. ಆಮೇಲೆ ಒಂದು ಮೂಲೆ ಕುಸಿದು ಫ್ಲೂಮ್ ಓರೆಯಾಗುತ್ತದೆ. ದಿನದ ದಾಖಲೆಗೆ ಫ್ಲೂಮಿನ ಪಕ್ಕದ ಗೇಜು ಬಾವಿಯೊಳಗೆ (ಫ್ಲೂಮಿನ ನೀರೇ ಅಲುಗದೆ ನಿಲ್ಲುವ ಕೊಳವೆ) ಒತ್ತಡದ ಸಂವೇದಕ ಇಳಿಬಿಟ್ಟು ಲಾಗರಿಗೆ ಕೊಡಿ. ಗಾಳಿಕೊಳವೆ ಇರುವ ಕೇಬಲ್ಲಾದರೆ ತೇವ ಹೀರುವ ಹರಳಿನ ಬಣ್ಣ ತಿಂಗಳಿಗೊಮ್ಮೆ ನೋಡಬೇಕು. ಬಾವಿಯ ತಳದ ಹೂಳು ಹಂಗಾಮಿಗೊಮ್ಮೆ ತೆಗೆಯಿರಿ.

ಕೊಡೇಕಲ್_ನಾಲಿ

ನಾರಾಯಣಪುರ ಎಡದಂಡಿ ಕಾಲುವಿ ಕಡಿಯಾಂವ ನಾ. ಓದಿ ಭಾಳ ಛಲೋ ಅನಿಸ್ತು. ನಮ್ಮ ಕಡೆ ಮುಖ್ಯ ಕಾಲುವಿ ಗೇಟಿಗೆ ಸ್ಕಾಡಾ (ದೂರದಿಂದ ಗೇಟು ನೋಡಿ ನಡಸೋ ಕಂಪ್ಯೂಟರ್ ವ್ಯವಸ್ಥಾ) ಬಂದೈತ್ರಿ, 2023ರ ಜನವರಿಯೊಳಗ ಕೊಡೇಕಲ್ಲಿನ್ಯಾಗ ಉದ್ಘಾಟನೆ ಆತು. ಆದ್ರ ಹೊಲಗಾಲುವಿ ತೂಬಿಗೆ ಮೀಟರ್ ಹಾಕ್ಕೊಂಡ್ರ ರೈತಗ ಏನ್ ಲಾಭ? ನೀರಿನ ಕರ ಎಕರೆಕ್ಕಿಷ್ಟು, ಬೆಳಿಗಿಷ್ಟು ಅಂತನ ಐತಿ.

ನೀರಗಂಟಿ

ಸರಿಯಾದ ಪ್ರಶ್ನೆ ಅಣ್ಣಾ. ಕರ ಬೆಳೆ-ಎಕರೆ ಮೇಲೆ ಇರುವವರೆಗೆ ಒಬ್ಬ ರೈತನಿಗೆ ಮೀಟರಿನಿಂದ ಬಿಲ್ಲು ಇಳಿಯುವುದಿಲ್ಲ. ಲಾಭ ಇರುವುದು ನೀರು ಬಳಕೆದಾರರ ಸಹಕಾರ ಸಂಘಕ್ಕೆ: ವಿತರಣಾ ಕಾಲುವೆಯ ಬಾಯಲ್ಲಿ ಒಂದು ಫ್ಲೂಮ್ ಇದ್ದರೆ ಬಾಲದವರಿಗೆ ನೀರು ಮುಟ್ಟದಿದ್ದಾಗ ಜಗಳ ಬಾಯಿಮಾತಿನಲ್ಲಿ ನಿಲ್ಲದೆ ಗೇಜಿನ ಪುಸ್ತಕಕ್ಕೆ ಬರುತ್ತದೆ. ಹಣದ ಬಾಗಿಲು ಬೇಕಿದ್ದರೆ 2025ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಎಂ-ಸಿಎಡಿಡಬ್ಲ್ಯುಎಂ (ಅಚ್ಚುಕಟ್ಟು ಅಭಿವೃದ್ಧಿ, ನೀರು ನಿರ್ವಹಣೆಯ ಆಧುನೀಕರಣ) ಯೋಜನೆ ನೋಡಿ. ಆರಂಭಿಕ ಮೊತ್ತ 1,600 ಕೋಟಿ, ಕಾಲುವೆಯಿಂದ ಹೊಲದವರೆಗೆ ಒತ್ತಡದ ಪೈಪು, ನೀರಿನ ಲೆಕ್ಕಕ್ಕೆ ಸ್ಕಾಡಾ ಎರಡೂ ಅದರೊಳಗಿವೆ. ಅರ್ಜಿ ವ್ಯಕ್ತಿಯದ್ದಲ್ಲ, ಸಂಘ ಇಲಾಖೆಯ ಮೂಲಕ ಹೋಗಬೇಕು. ಫ್ಲೂಮಿನ ಸೂತ್ರ ಮಾತ್ರ ಕೃಷ್ಣಾ ನೀರಿಗೂ ಇದೇ.

ಹಳ್ಳದ_ದಂಡೆ

ಹಳ್ಳದ ಗೇಟು ಹಳೆಯದು, ಮರದ್ದು. ಫ್ಲೂಮ್ ಜೊತೆಗೆ ಅದನ್ನೂ ಬದಲಿಸಿಬಿಡೋಣ ಅಂತ ಇದ್ದೆ. ಇನ್ನೊಂದು, ಸ್ವೀಪ್ ಅಂತ ರಾಜ್ಯದ ಯೋಜನೆ ಇದೆಯಲ್ಲ, ಅದಕ್ಕೂ ಹಾಕಬಹುದಾ?

ಕಡತ_ಕಟ್ಟು

ಗೇಟಿಗೆ ಕೈ ಹಾಕಿದರೆ ಹಳ್ಳದ ಅಂಚಿಗೆ ಕೈ ಹಾಕಿದ ಹಾಗೆ. ಆಗ ಮೀನು-ವನ್ಯಜೀವಿ ಇಲಾಖೆಗೆ ಕಾನೂನಿನ 1602ನೇ ಕಲಮಿನ ಸೂಚನೆ ಕೊಡಬೇಕು, ಅದರ ಶುಲ್ಕ ಬೇರೆ, ಕಾಯುವ ಕಾಲ ಬೇರೆ. ಫ್ಲೂಮನ್ನು ಗೇಟಿನಿಂದ ಕೆಳಗೆ, ನಿಮ್ಮದೇ ಕಾಲುವೆಯ ನೇರ ಭಾಗದಲ್ಲಿ, ಮೊದಲ ಕವಲಿಗೆ ಮುಂಚೆ ಕೂರಿಸಿದರೆ ಅಳತೆಯ ಕೆಲಸ ಅದಕ್ಕೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಎರಡನ್ನೂ ಒಂದೇ ಅರ್ಜಿಗೆ ತುರುಕಿ ಮೀಟರನ್ನೂ ಎರಡು ವರ್ಷ ಮುಂದೂಡಿಸಿಕೊಳ್ಳಬೇಡಿ.

ಸ್ವೀಪ್ 2014ರಿಂದ ರಾಜ್ಯದ ಆಹಾರ-ಕೃಷಿ ಇಲಾಖೆ ನಡೆಸುವುದು. ಬಜೆಟ್ಟಿನಲ್ಲಿ ಹಣ ಬಂದಾಗ ಮಾತ್ರ ಬಾಗಿಲು ತೆರೆಯುತ್ತದೆ. ನೀರಿನ ಉಳಿತಾಯದ ಜೊತೆಗೆ ಹಸಿರುಮನೆ ಅನಿಲದ ಇಳಿಕೆಯನ್ನೂ ಲೆಕ್ಕ ಹಾಕಿ ತೋರಿಸಬೇಕು. ಬರೀ ಮೀಟರಿಗೆ ಅಲ್ಲಿ ಅಂಕ ಬರುವುದಿಲ್ಲ. ಹನಿ ನೀರಾವರಿಗೋ ಹೊಸ ಪಂಪಿಗೋ ಹೋಗುವಾಗ ಮೀಟರನ್ನು ಅದರೊಳಗೆ ಸೇರಿಸುವುದು ಜಾಣತನ. ಎರಡೂ ಕಡೆ ಅರ್ಜಿ ಹಾಕಬಹುದು, ಒಂದೇ ಮೀಟರಿಗೆ ಎರಡೂ ಕಡೆ ಹಣ ಪಡೆಯುವ ಹಾಗಿಲ್ಲ.

ಹಳ್ಳದ_ದಂಡೆ

ಸರಿ. ಆರ್ಡರ್ ನಿಲ್ಲಿಸಿದೆ. ಕರಾರು ಬಂದ ಮೇಲೆ ಎಷ್ಟು ಸಮಯ ಇರುತ್ತದೆ? ಕೂರಿಸುವವರು ಯಾರಾದರೂ ನಡೆಯುತ್ತದಾ?

ನೀರಗಂಟಿ

ಸಹಿಯಾದ 12 ತಿಂಗಳೊಳಗೆ ಒಂದು ಪದ್ಧತಿಯಾದರೂ ಶುರುವಾಗಿರಬೇಕು. 100 ಎಕರೆ-ಅಡಿ ದಾಟಿದ ಹಕ್ಕಿಗೆ ಯಾರೋ ಪ್ಲಂಬರ್ ಸಾಲದು. ಎಸ್‌ಬಿ 88ರ ನಿಯಮ ಕೇಳುವುದು ನೋಂದಾಯಿತ ಎಂಜಿನಿಯರ್ ಅಥವಾ ಬಾವಿ, ಪಂಪಿನ ಲೈಸೆನ್ಸ್ ಇರುವ ಗುತ್ತಿಗೆದಾರರನ್ನು. ಅವರ ಲೈಸೆನ್ಸ್ ಸಂಖ್ಯೆ, ಮೀಟರಿನ ಸೀರಿಯಲ್ ಸಂಖ್ಯೆ, ಕೂರಿಸಿದ ದಿನಾಂಕ, ಆ ದಿನದ ರೀಡಿಂಗು, ಈ ನಾಲ್ಕನ್ನೂ ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ. ಐದು ವರ್ಷಕ್ಕೊಮ್ಮೆ ನಿಖರತೆ ಮರುಪರೀಕ್ಷೆ ಆಗಬೇಕು, ಆಗ ಮತ್ತೆ ಅದೇ ಹಾಳೆ ಬೇಕಾಗುತ್ತದೆ. ಆ ಪರೀಕ್ಷೆಯ ಖರ್ಚು ನಿಮ್ಮದೇ ಅಂತ ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ವರದಿಯ ವರ್ಷ ಅಕ್ಟೋಬರ್ 1ರಿಂದ ಸೆಪ್ಟೆಂಬರ್ 30. ಮೀಟರನ್ನು ಸೆಪ್ಟೆಂಬರ್ ಒಳಗೆ ಕೂರಿಸಲು ಆದರೆ ಮುಂದಿನ ವರ್ಷದ ಲೆಕ್ಕ ಸೊನ್ನೆಯಿಂದ ಚೊಕ್ಕಟವಾಗಿ ಶುರುವಾಗುತ್ತದೆ.

ಮಾಪಕ

ಒಂದು ಮಾತು ಬಾಕಿ. ಮೀಟರಿನ ಹಿಂದೆ ಮುಂದೆ ಪೈಪು ನೆಲದಡಿ ಹೋಗುವುದಾದರೆ, ಎನ್‌ಆರ್‌ಸಿಎಸ್‌ನವರು ಬಂದು ನೋಡುವವರೆಗೆ ಗುಂಡಿ ಮುಚ್ಚಬೇಡಿ. ಬರುವುದು ತಡವಾಗುತ್ತದೆ ಅಂದರೆ ನೇರ ಪೈಪಿನ ಗುಂಟ ಟೇಪು ಬಿಚ್ಚಿಟ್ಟು, ಅಂಕಿ ಕಾಣುವ ಹಾಗೆ ಎರಡೂ ತುದಿಯ ಫೋಟೊ ತೆಗೆದು ಕಳಿಸಿ, ಬರಹದಲ್ಲಿ ಒಪ್ಪಿಗೆ ಬಂದ ಮೇಲೆ ಮಣ್ಣು ಎಳೆಯಿರಿ.